ಚೆಂಡುಹೂವು, ರಬ್ಬರ್ ಹೂವು

ಹೆಬ್ಬಾಳದಿಂದ ಚಿಕ್ಕಜಾಲಕ್ಕೆ ಹೆಣ್ಣು ನೋಡಲು ಹೋದ ದಿನ ನನ್ನ ಮಾವನಾಗಲಿದ್ದವರು "ಉಡ್ಗ ಏನ್ ಕೆಲ್ಸ ಮಾಡ್ತಾನೆ?" ಎಂದು ಕೇಳಿದರು. ನಮ್ಮಪ್ಪ ಎದೆಯುಬ್ಬಿಸಿ "ದೋಣಿ ಇಂಜಿನ್ ಮೆಕ್ಯಾನಿಕ್ಕು" ಅಂದರು. ಮಾವನವರು ಬಾಯಿಗೆ ಹಾಕಿಕೊಳ್ಳಲಿದ್ದ ಎಲೆಅಡಿಕೆಯನ್ನು ಕೈಯಲ್ಲೇ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಬ್ಬಾಳದ್ ಕೆರೇಲಿ ಅಷ್ಟೊಂದು ದೋಣಿ ಅವ್ವಾ?" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಪಕ್ಕದ ಕೋಣೆಯಿಂದ ಹೆಣ್ಣಿನ ನಗು ಕೇಳಿಸಿತು. ಆ ನಗು ನಮ್ಮ ಗಂಗಾನಗರದ ಮನೆಯಲ್ಲಿ ಇವತ್ತಿಗೂ ನಿಂತಿಲ್ಲ. ಅವಳೇ ಸರೋಜ. ಈ ಬರಹದಲ್ಲಿ ಅವಳ ಪಾಲಿನ ಕೆಲಸವೂ ಒಂದಿದೆ, ಅದು ಆಮೇಲೆ ಬರುತ್ತದೆ.

ನಾನು ಹೋದ ವರ್ಷ ನಿವೃತ್ತನಾದೆ. ದಾಸರಹಳ್ಳಿಯ ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರು ಎದುರಾದಾಗಲೆಲ್ಲ "ಸಾರ್, ಈ ಕೆಲ್ಸ ನಿಜವಾಗ್ಲೂ ಹೆಂಗಿರುತ್ತೆ?" ಎಂದು ಕೇಳುತ್ತಾರೆ. ಇಂಜಿನ್ ಹೇಗೆ ಬಿಚ್ಚಬೇಕು ಅನ್ನುವುದು ಕಂಪನಿಯ ಪುಸ್ತಕದಲ್ಲಿದೆ. ನೀವು ಹೇಗೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ ಅನ್ನುವುದು ಅದರಲ್ಲಿಲ್ಲ. ಆ ವಿಷಯದಲ್ಲಿ ನನಗೆ ಸಾಕಷ್ಟು ಅನುಭವ ಇರುವುದರಿಂದ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ನಿಮಗೆ ಬೇಡದ ಕಥೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ. ನಮ್ಮ ಕಂಪನಿಯ ಡೀಸೆಲ್ ಇಂಜಿನ್ ಒಂದೇ. ಅದನ್ನೇ ಕಲ್ಯಾಣಮಂಟಪದ ಜನರೇಟರಿಗೂ ಕೂರಿಸುತ್ತಾರೆ, ದೋಣಿಗೂ ಕೂರಿಸುತ್ತಾರೆ. ನೆಲದ ಮೇಲಿನ ಇಂಜಿನ್ನಿಗೆ ಫ್ಯಾನು, ರೇಡಿಯೇಟರು ಇರುತ್ತದೆ, ಗಾಳಿಯಿಂದ ತಣ್ಣಗಾಗುತ್ತದೆ. ದೋಣಿಯದ್ದು ತಳದಲ್ಲಿರುವ ಒಂದು ಜಾಲರಿಯ ಮೂಲಕ ಹೊಳೆಯ ನೀರನ್ನೇ ಹೀರಿಕೊಂಡು, ಮೈಯೆಲ್ಲ ಸುತ್ತಿಸಿ, ಹಿಂದಿನ ಕೊಳವೆಯಿಂದ ಪಿಚಕ್ ಪಿಚಕ್ ಅಂತ ಹೊರಗೆ ಉಗುಳುತ್ತದೆ. ನಮ್ಮ ಮಾವನವರು ಜಗುಲಿಯಲ್ಲಿ ಕೂತು ಎಲೆಅಡಿಕೆ ಉಗುಳುತ್ತಿದ್ದ ಹಾಗೆಯೇ. ಉಗುಳುತ್ತಿರುವಷ್ಟು ಹೊತ್ತು ಇಂಜಿನ್ ಆರೋಗ್ಯವಾಗಿದೆ ಅಂತ ಅರ್ಥ. ನೀರು ಹೀರುವ ಪಂಪಿನೊಳಗೆ ಅಂಗೈಯಗಲದ ಒಂದು ರಬ್ಬರ್ ಚಕ್ರ ಇರುತ್ತದೆ. ಸುತ್ತಲೂ ಎಸಳುಗಳು, ಥೇಟ್ ಹೂವಿನ ಹಾಗೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೆ ಸಾಕು, ಎಸಳು ಹರಿದುಹೋಗುತ್ತದೆ. ಇಷ್ಟು ಗೊತ್ತಿದ್ದರೆ ನನ್ನ ಕಥೆಗೆ ಸಾಕು.

ನನಗೆ ಕೆಲಸ ಕಲಿಸಿದವರು ಫೋರ್‌ಮನ್ ನಂಜುಂಡಯ್ಯನವರು. ವರ್ಕ್‌ಶಾಪಿನ ಹಿಂದೆ ಎಮ್ಮೆ ತೊಳೆಯುವಷ್ಟು ದೊಡ್ಡ ಸಿಮೆಂಟ್ ತೊಟ್ಟಿ ಇತ್ತು, ಅದೇ ನಮ್ಮ ಸಮುದ್ರ. ಇಂಜಿನ್ನಿನ ಪೈಪನ್ನು ತೊಟ್ಟಿಗೆ ಇಳಿಬಿಟ್ಟು ಚಾಲೂ ಮಾಡಿ, ಹಿಂದಿನ ಕೊಳವೆಗೆ ನಮ್ಮ ಕೈ ಒಡ್ಡಿಸುತ್ತಿದ್ದರು. "ದೋಣೀಲಿ ಮೊದ್ಲು ಹಿಂದೆ ನೋಡೋ ಮುನಿರಾಜು, ಆಮೇಲೆ ಮುಂದೆ. ನೀರು ಉಗೀತಿದ್ಯಾ ಇಲ್ವಾ, ಅದೊಂದೇ ಪ್ರಶ್ನೆ" ಅನ್ನುತ್ತಿದ್ದರು. ಬೈಗುಳದಲ್ಲಿ ಅವರನ್ನು ಮೀರಿಸುವವರು ತುಮಕೂರು ರಸ್ತೆಯಲ್ಲಿ ಯಾರೂ ಇರಲಿಲ್ಲ. ಆದರೆ ಯಾರಾದರೂ ಊಟದ ಡಬ್ಬಿ ತಂದಿಲ್ಲವೆಂದು ಗೊತ್ತಾದರೆ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು, ಬೈದುಕೊಂಡೇ.

ನಾನು ಮೊದಲ ಸಲ ಕರಾವಳಿಗೆ ಹೋದದ್ದು ಒಂದು ಮೀನುಗಾರಿಕೆ ದೋಣಿಗೆ ಹೊಸ ಇಂಜಿನ್ ಕೂರಿಸಲು. ದಡಕ್ಕೆ ಕಟ್ಟಿದ್ದ ದೋಣಿಯಲ್ಲೇ, ಅದು ಅಲುಗಾಡುವ ಮುಂಚೆಯೇ, ವಾಂತಿ ಮಾಡಿಕೊಂಡೆ. ಅದಿರಲಿ. ಇಂಜಿನ್ ಕೂರಿಸಿದ ಮೇಲೆ, ಜನರೇಟರನ್ನು ಪರೀಕ್ಷೆ ಮಾಡುವಾಗ ಮಾಡುವ ಹಾಗೆ ಪೂರ್ತಿ ಲೋಡ್ ಕೊಟ್ಟು ನೋಡೋಣ ಅಂತ ಗೇರ್ ಹಾಕಿ ಫುಲ್ ಥ್ರಾಟಲ್ ಕೊಟ್ಟೆ. ದೋಣಿಯನ್ನು ದಡದ ಒಂದು ಕಂಬಕ್ಕೆ ಕಟ್ಟಿದ್ದರು. ಅದೇ ಕಂಬಕ್ಕೆ ಪಕ್ಕದ ಚಹಾದಂಗಡಿಯ ಚಪ್ಪರವನ್ನೂ ಕಟ್ಟಿದ್ದರು. ಹಿಂದೆ ನೋಡು ಅಂತ ಗುರುಗಳು ಹೇಳಿದ್ದು ನೆನಪಾಗಿ ತಿರುಗಿ ನೋಡಿದರೆ, ನೀರು ಚೆನ್ನಾಗಿಯೇ ಉಗುಳುತ್ತಿತ್ತು. ಅದರ ಹಿಂದೆ ಕಂಬ ಬರುತ್ತಿತ್ತು, ಕಂಬದ ಹಿಂದೆ ಚಪ್ಪರ ಬರುತ್ತಿತ್ತು, ಚಪ್ಪರದ ಹಿಂದೆ ಅಂಗಡಿಯವರು ಸೌಟು ಹಿಡಿದು ಬರುತ್ತಿದ್ದರು. ಆಮೇಲೆ ಮಧ್ಯಾಹ್ನವೆಲ್ಲ ಚಪ್ಪರ ಕಟ್ಟಿಕೊಟ್ಟೆ. ಅಂಗಡಿಯವರು ಕೊನೆಗೆ ಚಹಾ ಕೊಟ್ಟು, "ನಿಮ್ಮ ಊರಲ್ಲಿ ನೀರು ಉಂಟಾ ಮಾರಾಯ್ರೆ?" ಎಂದು ವಿಚಾರಿಸಿಕೊಂಡರು.

ಹಳೆಯ ಕಾಲವೇ ಚೆನ್ನಾಗಿತ್ತು ಅನ್ನುವ ಗುಂಪಿನವನು ನಾನಲ್ಲ. ಮೊದಲೆಲ್ಲ ದೋಣಿ ಕೆಟ್ಟರೆ ಅಲ್ಲಿಂದ ಯಾರೋ ಫೋನ್ ಮಾಡಿ "ಟಕ ಟಕ ಅಂತದೆ" ಅನ್ನುವುದು, ನಾವು ಆ ಟಕ ಟಕವನ್ನು ನಂಬಿ ರಾತ್ರಿ ಬಸ್ಸು ಹತ್ತುವುದು, ಅಲ್ಲಿ ಹೋಗಿ ನೋಡಿದರೆ ಒಂದು ನಟ್ಟು ಸಡಿಲವಾಗಿರುವುದು. ಈಗ ವಿಡಿಯೋ ಕಾಲಿನಲ್ಲೇ ತೋರಿಸುತ್ತಾರೆ. ಲ್ಯಾಪ್‌ಟಾಪ್ ಚುಚ್ಚಿದರೆ ಇಂಜಿನ್ನೇ ತನ್ನ ಕಾಯಿಲೆ ಹೇಳುತ್ತದೆ. ನಾನೂ ಕಲಿತೆ, ಕಷ್ಟವೇನಾಗಲಿಲ್ಲ. ಆದರೆ ಈಗ ಹೇಳಲಿರುವ ಕಾಯಿಲೆಯನ್ನು ಯಾವ ಲ್ಯಾಪ್‌ಟಾಪೂ ಹೇಳುತ್ತಿರಲಿಲ್ಲ.

ನಿವೃತ್ತಿಗೆ ಎರಡು ಮೂರು ವರ್ಷ ಮುಂಚಿನ ಒಂದು ಮೇ ತಿಂಗಳ ಮಾತು. ಉಡುಪಿ ಕಡೆಯ ಒಂದು ಹೊಳೆಯ ನಡುವೆ ಒಂದು ಕುದ್ರು ಇದೆ. ನದಿಯ ಮಧ್ಯದ ನಡುಗಡ್ಡೆಯನ್ನು ಅಲ್ಲಿಯವರು ಕುದ್ರು ಅನ್ನುತ್ತಾರೆ. ಸೇತುವೆ ಇಲ್ಲ. ಶಾಲೆ, ಆಸ್ಪತ್ರೆ, ಹಾಲಿನ ಡೈರಿ ಎಲ್ಲಕ್ಕೂ ದೋಣಿಯಲ್ಲೇ ದಾಟಬೇಕು. ಆ ದೋಣಿಯನ್ನು ಬಿದಿರ ಗಳ ಊರಿಕೊಂಡು ದಾಟಿಸುತ್ತಿದ್ದವರು ಶೀನಣ್ಣ ಅನ್ನುವ ಮುದುಕರು. ಅವರ ಮಗಳು ವಾರಿಜ. ಕುದ್ರುವಿನ ಹೆಂಗಸರ ಸಂಘದವರು ಸೇರಿ ಒಂದು ಹಳೆಯ ಫೈಬರ್ ದೋಣಿ ಕೊಂಡು, ಅದಕ್ಕೆ ನಮ್ಮ ಹೊಸ ಇಂಜಿನ್ ಹಾಕಿಸಿದ್ದರು. ವಾರಿಜ ದೋಣಿ ಓಡಿಸುವ ಪರವಾನಗಿಯನ್ನೂ ಪಡೆದಿದ್ದಳು. ನಾನು ಮಾಡಬೇಕಿದ್ದ ಕೆಲಸ ಇಷ್ಟೇ: ಅಳಿವೆಯ ಹತ್ತಿರದ ದೋಣಿ ಕಟ್ಟುವ ಯಾರ್ಡಿನಿಂದ ಕುದ್ರುವಿನವರೆಗೆ ಹಿನ್ನೀರಿನಲ್ಲಿ ಅವಳ ಜೊತೆ ಹೋಗಿ, ಇಂಜಿನ್ ಸರಿಯಾಗಿದೆ ಅಂತ ನೋಡಿ, ಒಪ್ಪಿಸಿ ಬರುವುದು.

ಭಾನುವಾರ ಹೊರಡಬೇಕಿತ್ತು. ಸೋಮವಾರ ಬೆಳಿಗ್ಗೆ ಕುದ್ರುವಿನ ಕಟ್ಟೆಗೆ ತಪಾಸಣೆಯ ಅಧಿಕಾರಿ ಬರುವವರಿದ್ದರು. ಅವರು ಒಪ್ಪಿದರೆ ಜನ ಹತ್ತಿಸಬಹುದು. ಸೋಮವಾರ ತಪ್ಪಿದರೆ ಮಳೆ ಶುರುವಾಗುತ್ತದೆ, ಮತ್ತೆ ತಪಾಸಣೆ ಮಳೆಗಾಲ ಮುಗಿದ ಮೇಲೆಯೇ.

"ಮಳೆ ಮುಗಿದ ಮೇಲೆ ಆದ್ರೆ ಏನಮ್ಮಾ, ಇಷ್ಟು ವರ್ಷ ಇಲ್ವಾ?" ಎಂದು ನಾನು ಸುಮ್ಮನೆ ಕೇಳಿದೆ.

ವಾರಿಜ ಹಗ್ಗ ಸುತ್ತುತ್ತಿದ್ದವಳು ನಿಲ್ಲಿಸಿದಳು. "ಅಪ್ಪನ ಬಲಗೈ ಭುಜದಿಂದ ಮೇಲೆ ಹೋಗುದಿಲ್ಲ ಸರ್. ಹೋದ ಮಳೆಗಾಲದಲ್ಲಿ ಗಳ ಕೈ ಜಾರಿ ಹೊಳೆಗೆ ಬಿದ್ರು. ಕೆಳಗೆ ದಡದ ಕಾಂಡ್ಲಾ ಗಿಡ ಹಿಡ್ಕೊಂಡು ನೇತಾಡ್ತಿದ್ರು, ಪುಣ್ಯಕ್ಕೆ ಯಾರೋ ನೋಡಿದ್ರು. ಈ ಸಲ ಬೇಡ ಅಂತ ನಾನು ಹೇಳ್ತೇನೆ, ಹೂಂ ಅಂತಾರೆ. ಆದ್ರೆ ಆಚೆ ದಡದಲ್ಲಿ ಯಾರಾದ್ರೂ ನಿಂತು ಕೂ ಹಾಕಿದ್ರೆ ಅವರಿಗೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ."

ಅಲ್ಲಿಂದ ಮುಂದೆ ನಾನೂ ಆ ಕೆಲಸವನ್ನು ಬರೀ ಕೆಲಸ ಅಂತ ನೋಡಲಿಲ್ಲ. ಆ ಮುದುಕರನ್ನು ನಾನಿನ್ನೂ ಕಂಡೇ ಇರಲಿಲ್ಲ, ಆದರೂ ಅವರು ಮತ್ತೆ ಆ ಗಳ ಹಿಡಿಯಬಾರದು ಅಂತ ನನಗೂ ಅನ್ನಿಸಿಬಿಟ್ಟಿತು.

ನಮ್ಮ ವರ್ಕ್‌ಶಾಪಿನ ಪದ್ಧತಿ ನಿಮಗೆ ಗೊತ್ತಿದೆ. ಇಂಜಿನ್ ಯಾವ ಊರಿಗೆ ಹೋದರೂ ಪೂಜೆ ಮಾಡದೆ ಒಪ್ಪಿಸುವುದಿಲ್ಲ. ದಾಸರಹಳ್ಳಿಯಿಂದಲೇ ಎರಡು ಮೊಳ ಚೆಂಡುಹೂವಿನ ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಯಾರ್ಡಿನಲ್ಲಿ ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಬೂದುಗುಂಬಳಕಾಯಿ ಒಡೆದೆ. ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು ಎಂದು ಯೋಚಿಸಿ, ದೋಣಿಯನ್ನು ನೀರಿಗೆ ನೂಕುವಾಗ ಮೂತಿಯ ಕೆಳಗೆ ಇಟ್ಟೆ. ಇಂಜಿನ್ ಚಾಲೂ ಮಾಡಿದ ಮೇಲೆ ಹಾರ ಬೆಲ್ಟಿಗೆ ಸಿಕ್ಕಿಕೊಂಡೀತು ಅಂತ ಎಚ್ಚರಿಕೆಯಿಂದ ತೆಗೆದೆ. ಪೂಜೆಯ ಹೂವು ಕಾಲ್ತುಳಿತಕ್ಕೆ ಬೀಳಬಾರದು ಅಂತ ನಮ್ಮಮ್ಮ ಕಲಿಸಿದ್ದರು; ನಮ್ಮ ಮನೆಯಲ್ಲಿ ಅದು ಬಾವಿಗೆ, ಇಲ್ಲವಾದರೆ ಕೆರೆಗೆ. ಹಾಗಾಗಿ ಕೈಮುಗಿದು ದೋಣಿಯ ಪಕ್ಕದಲ್ಲೇ ಹೊಳೆಗೆ ಬಿಟ್ಟೆ. ಮನಸ್ಸಿಗೆ ಸಮಾಧಾನವಾಯಿತು. ಎರಡು ಲೈಫ್ ಜಾಕೆಟ್ ಒಂದರ ಮೇಲೊಂದು ಹಾಕಿಕೊಂಡು ಕೂತೆ. ವಾರಿಜ ನೋಡಿ ನಕ್ಕಳು.

"ನಿಮಗೆ ಈಜಲಿಕ್ಕೆ ಬರುದಿಲ್ವಾ ಸರ್?"

"ಕೆರೆಗೆ ಇಳಿದ್ರೆ ನಮ್ಮಮ್ಮ ಪೊರಕೆ ತಗೊಂಡು ಬರೋರು ಕಣಮ್ಮಾ. ಅದಕ್ಕೆ ಕಲೀಲಿಲ್ಲ."

ಆ ಹಿನ್ನೀರಿನ ದಾರಿಯನ್ನು ನೀವು ಒಮ್ಮೆಯಾದರೂ ನೋಡಬೇಕು. ಹೊಳೆ ಸಮುದ್ರಕ್ಕೆ ಸೇರುವ ಮೊದಲು ಅದರ ಪಕ್ಕದಲ್ಲೇ ಬಹಳ ದೂರ ಹರಿಯುತ್ತದೆ. ನಡುವೆ ಒಂದು ಮರಳಿನ ಪಟ್ಟಿ, ಅದರ ಮೇಲೆ ತೆಂಗು, ಅದರಾಚೆ ಸಮುದ್ರ. ನಾವು ಉತ್ತರಕ್ಕೆ ಹೋಗುತ್ತಿದ್ದೆವು. ಎಡಗಡೆಯಿಂದ ಅಲೆಯ ಸದ್ದು ಬರುತ್ತಿದ್ದರೂ ನಮ್ಮ ನೀರು ಮಾತ್ರ ಅಲುಗದೆ ಮಲಗಿತ್ತು. ಬಲಗಡೆ ಗದ್ದೆ, ಅಂಗಳದಲ್ಲಿ ಬಟ್ಟೆ ಒಣಗಿಸುವವರು. ಮಕ್ಕಳು ದಡದಿಂದ ಕೈ ಬೀಸಿದರೆ ವಾರಿಜ ಹಾರ್ನ್ ಬಾರಿಸುತ್ತಿದ್ದಳು. ನನಗೆ ವಾಂತಿ ಬರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ, ದೋಣಿಯಲ್ಲಿ ಕೂತು ಸುಖ ಅನ್ನಿಸಿತು.

ಅಂಥ ಸುಖವನ್ನು ನಂಬಬಾರದು. ಇಂಜಿನ್ ಬಿಸಿಯಾದರೆ ಎಚ್ಚರಿಸುವ ಗಂಟೆ ಕೀ ಕೀ ಅಂತ ಹೊಡೆದುಕೊಳ್ಳತೊಡಗಿತು. ಹಿಂದೆ ತಿರುಗಿದೆ. ಕೊಳವೆಯಿಂದ ಒಂದು ತೊಟ್ಟೂ ನೀರಿಲ್ಲ, ಬರೀ ಹೊಗೆ. "ಆಫ್ ಮಾಡಮ್ಮಾ!" ಎಂದು ಕಿರುಚಿದೆ. ದೋಣಿ ತೇಲುತ್ತ ಒಂದು ಮರಳ ದಿಬ್ಬದ ಕಡೆಗೆ ಹೋಯಿತು. ಅಲ್ಲಿ ಮೊಣಕಾಲ ನೀರಿನಲ್ಲಿ ಹೆಂಗಸರು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ಅವರೇ ಹಗ್ಗ ಹಿಡಿದು ಎಳೆದು ನಿಲ್ಲಿಸಿದರು.

ನಾನು ಕೆಲಸಕ್ಕೆ ಇಳಿದೆ. ದೋಣಿಯೊಳಗೆ ನೀರು ಸೋಸುವ ಡಬ್ಬಿ ಇರುತ್ತದೆ, ಅದನ್ನು ಬಿಚ್ಚಿದೆ. ಕನ್ನಡಿಯ ಹಾಗೆ ಶುಭ್ರ. ಪಂಪು ಬಿಚ್ಚಿದೆ, ರಬ್ಬರ್ ಚಕ್ರದ ಎಸಳುಗಳು ಹರಿದು ಚಿಂದಿಯಾಗಿದ್ದವು. ಹೊಚ್ಚ ಹೊಸದು! ಚಕ್ರ ಮಾಡಿದವರಿಗೆ, ಅದನ್ನು ಪಾಸು ಮಾಡಿದವರಿಗೆ, ಅವರ ವಂಶಕ್ಕೆ ನಂಜುಂಡಯ್ಯನವರಿಂದ ಕಲಿತದ್ದನ್ನೆಲ್ಲ ಅರ್ಪಿಸಿದೆ. ಮರುವಾಯಿ ಹೆಕ್ಕುವ ಹೆಂಗಸರಿಗೆ ಬೆಂಗಳೂರು ಕನ್ನಡ ಅಷ್ಟಾಗಿ ತಿಳಿಯದೆ ಹೋದದ್ದು ನನ್ನ ಅದೃಷ್ಟ. ಆಮೇಲೆ ಬ್ಯಾಗಿನಿಂದ ಸ್ಪೇರ್ ಡಬ್ಬಿ ತೆಗೆದೆ. ಕೈ ಅಭ್ಯಾಸಬಲದಿಂದ ಹಳೆಯ ಮಾದರಿಯದ್ದನ್ನೇ ಹಾಕಿಕೊಂಡು ಬಂದಿತ್ತು. ಹೊಸ ಪಂಪಿನ ಬಾಯೊಳಗೆ ಅದು ಹೋಗಲೇ ಇಲ್ಲ.

ಅಷ್ಟರಲ್ಲಿ ಇಳಿತ ಶುರುವಾಯಿತು. ಸಮುದ್ರ ಹಿಂದೆ ಸರಿಯುವಾಗ ಹಿನ್ನೀರೂ ಇಳಿಯುತ್ತದೆ, ಮತ್ತೆ ಭರತ ಬಂದಾಗಲೇ ಏರುವುದು. ನೋಡುನೋಡುತ್ತಿದ್ದಂತೆ ದೋಣಿ ಮರಳ ಮೇಲೆ ಕೂತು ಒಂದು ಕಡೆಗೆ ವಾಲಿತು. ವಾರಿಜಳ ಫೋನ್ ರಿಂಗಾಯಿತು. ಅವಳ ಅಪ್ಪ. ಅವರ ದೊಡ್ಡ ದನಿ ನನಗೂ ಕೇಳಿಸಿತು, ನಾನಿದ್ದೇನೆಂದು ಕನ್ನಡದಲ್ಲೇ ಮಾತಾಡಿದರು.

"ಎಲ್ಲಿ ಮುಟ್ಟಿದ್ರಿ ಮಗಾ? ನಿಂತದ್ದಾ? ನಾನು ದೋಣಿ ತಗೊಂಡು ಬರ್ಲಾ?"

"ಬೇಡ!" ಎಂದು ಅವಳು ಕೂಗಿದ್ದಕ್ಕೆ ದಿಬ್ಬದ ಕೊಕ್ಕರೆಗಳು ಹಾರಿದವು. "ಅಪ್ಪ, ನೀವು ಕೂತ್ಕೊಳ್ಳಿ. ನಾವು ಬರ್ತೇವೆ." ಫೋನ್ ಇಟ್ಟ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

ಆಗ ದೋಣಿಯ ಆಚೆ ಬದಿಯಿಂದ ಚಿಪ್ಪು ಹೆಕ್ಕುವ ಒಬ್ಬ ಅಜ್ಜಿಯ ಧ್ವನಿ ಬಂತು. "ಹೋಯ್, ಇದು ಎಂತ? ಬೋಟಿಗೆ ಅಡಿಯಲ್ಲಿ ಹೂ ಮುಡಿಸಿದ್ದು ಯಾರು?"

ಇಳಿದು ಹೋಗಿ ಬಗ್ಗಿ ನೋಡಿದೆ. ವಾಲಿದ ದೋಣಿಯ ತಳ ನೀರಿನಿಂದ ಮೇಲೆ ಬಂದಿತ್ತು. ನೀರು ಹೀರುವ ಜಾಲರಿಯ ತುಂಬ ನನ್ನ ಎರಡು ಮೊಳ ಚೆಂಡುಹೂವು, ದಾರದ ಸಮೇತ, ದಾರಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಗಿದುಕೊಳ್ಳುತ್ತ ಬಂದು ಒತ್ತೊತ್ತಾಗಿ ಕೂತಿತ್ತು. ದೋಣಿಯೊಳಗೆ ಒಂದು ಎಸಳೂ ಬಾರದೆ ಹೊರಬಾಗಿಲಲ್ಲೇ ನಿಂತಿದ್ದರಿಂದ ಸೋಸುವ ಡಬ್ಬಿ ಅಷ್ಟು ಶುಭ್ರವಾಗಿತ್ತು. ನೀರಿಲ್ಲದೆ ತಿರುಗಿ ರಬ್ಬರ್ ಚಕ್ರ ಹರಿದಿತ್ತು. ಹರಿಯುವ ಹೊಳೆ ಹೂವನ್ನು ಒಯ್ಯುತ್ತದೆ ಅಂತ ನಾನು ಎಣಿಸಿದ್ದೆ. ಪಕ್ಕದಲ್ಲೇ ಇಂಜಿನ್ ಬಾಯಿ ತೆರೆದುಕೊಂಡು ಹೀರುತ್ತಿದೆ ಅನ್ನುವುದನ್ನು, ಆ ಇಂಜಿನ್ನಿನ ಮೆಕ್ಯಾನಿಕ್ಕೇ ಮರೆತಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ವಾರಿಜ ಹಣೆಗೆ ಕೈಯಿಟ್ಟಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. "ನೀವು ಹಾಕುವಾಗ ನಾನು ನೋಡಿದ್ದೆ ಸರ್. ಇಲ್ಲಿ ಹತ್ತಿರ ಹಾಕುದು ಬೇಡ ಅಂತ ಬಾಯಿಗೆ ಬಂದಿತ್ತು. ಮತ್ತೆ ಬೆಂಗಳೂರಿನ ಇಂಜಿನಿಗೆ ಬೆಂಗಳೂರಿನ ಕ್ರಮ ಇರಬಹುದು ಅಂತ ಸುಮ್ಮನಾದೆ."

"ಇನ್ಮೇಲೆ ಬಾಯಿಗೆ ಬಂದಿದ್ದನ್ನ ಹೇಳಿಬಿಡಮ್ಮಾ. ಬೈದ್ರೂ ಪರವಾಗಿಲ್ಲ" ಅಂದೆ. ಹೊಸಬರೇ, ಇದನ್ನು ನೀವೂ ಬರೆದಿಟ್ಟುಕೊಳ್ಳಿ. ದೋಣಿಯ ಜನ ಮರ್ಯಾದೆಗೆ ಸುಮ್ಮನಿರುತ್ತಾರೆ, ನಾವೇ ಕೇಳಬೇಕು.

ನಗು ಮುಗಿದ ಮೇಲೆ ಚಿಂತೆ ಹಾಗೆಯೇ ಇತ್ತು. ಹೊಸ ರಬ್ಬರ್ ಚಕ್ರ ಬೇಕು, ಸೋಮವಾರ ಬೆಳಿಗ್ಗೆಯೊಳಗೆ ಬೇಕು. ಭಾನುವಾರ ವರ್ಕ್‌ಶಾಪಿಗೆ ಬೀಗ, ಸ್ಟೋರಿನವನ ಫೋನ್ ಸ್ವಿಚ್ ಆಫ್. ಕರಾವಳಿಯ ಅಂಗಡಿಗಳಿಗೆ ಆ ಹೊಸ ಮಾದರಿ ಇನ್ನೂ ಬಂದಿರಲಿಲ್ಲ. ಆಗ ನೆನಪಾಯಿತು: ಹೊಸ ಇಂಜಿನ್ ಬಂದಾಗ ತರಬೇತಿಯಲ್ಲಿ ನಮಗೆಲ್ಲ ಒಂದೊಂದು ಸ್ಯಾಂಪಲ್ ಕೊಟ್ಟಿದ್ದರು. ನೋಡಲು ಚೆನ್ನಾಗಿದೆ ಅಂತ ಮನೆಗೆ ಒಯ್ದಿದ್ದೆ. ಸರೋಜಳಿಗೆ ಫೋನ್ ಹಚ್ಚಿದೆ.

"ಸರೋಜ, ಶೋಕೇಸಲ್ಲಿ ಕಪ್ಪು ರಬ್ಬರ್ ಹೂವು ಒಂದಿತ್ತಲ್ಲ, ಇದ್ಯಾ?"

"ಚನ್ನಪಟ್ಟಣದ ಗೊಂಬೆ ಪಕ್ಕ ಇಟ್ಟಿದ್ರಲ್ಲ, ಅದಾ? ಎಷ್ಟು ಸಲ ಬಿಸಾಕ್ತೀನಿ ಅಂದೆ, ಬಿಟ್ರಾ ನೀವು?"

"ಬಿಸಾಕಿಲ್ಲ ತಾನೇ?"

"ಇಲ್ಲ ಕಣ್ರೀ. ದೇವ್ರ ಮನೇಲಿದೆ."

"ದೇವ್ರ ಮನೇಲಾ? ಯಾಕೆ?"

"ಊದುಬತ್ತಿ ಸಿಗ್ಸೋಕೆ. ಎಸಳೆಸಳಿನ ಮಧ್ಯೆ ಎಷ್ಟ್ ಚೆನ್ನಾಗಿ ನಿಲ್ಲತ್ತೆ ಗೊತ್ತಾ?"

"ಸುಟ್ಟಿಲ್ವಲ್ಲ? ಎಲ್ಲಾ ಎಸಳು ನೆಟ್ಟಗಿದ್ಯಾ? ಬಗ್ಗಿಸಿ ನೋಡು."

"ಬಗ್ಗತ್ತೆ, ವಾಪಸ್ ನೆಟ್ಟಗಾಗತ್ತೆ. ಬರೀ ಬೂದಿ ಇದೆ. ಏನಾಯ್ತ್ರೀ, ದನಿ ಯಾಕ್ ಹಂಗಿದೆ?"

ಹೇಳಿದೆ. ಹಾರದ ವಿಷಯವನ್ನೂ ಹೇಳಿದೆ, ಶೀನಣ್ಣನ ಭುಜದ ವಿಷಯವನ್ನೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಗೊರಗುಂಟೆಪಾಳ್ಯದಲ್ಲಿ ಆ ಕಡೆ ಬಸ್ಸೆಲ್ಲಾ ನಿಲ್ಲತ್ತಲ್ವಾ? ನಾನೇ ಹೋಗಿ ಕೊಡ್ತೀನಿ. ಊರು, ಸ್ಟಾಪು ಹೆಸ್ರು ಮೆಸೇಜ್ ಮಾಡಿ" ಅಂದಳು. ಹಾಗೆ ಬಸ್ಸಿನ ಕೈಯಲ್ಲಿ ಸಾಮಾನು ಕಳಿಸುವುದು ನಮ್ಮ ಹಳೆಯ ಪದ್ಧತಿ. ಆದರೆ ಮನೆಯವಳೇ ಆಟೋ ಹತ್ತಿ ಹೋದದ್ದು ಅದೊಂದೇ ಸಲ. ಕಂಡಕ್ಟರು ಮೊದಲು ಪಾರ್ಸೆಲ್ ತಗೊಳ್ಳಲ್ಲ ಅಂದರಂತೆ. "ಅಣ್ಣಾ, ಇದು ಸಾಮಾನಲ್ಲ. ಒಂದೂರನ್ನ ಹೊಳೆ ದಾಟ್ಸೋದು" ಎಂದು ಇವಳು ಕಥೆಯೆಲ್ಲ ಹೇಳಿದಳಂತೆ. ಅವರು ಅಂಗಿಯ ಜೇಬಿಗೇ ಹಾಕಿಕೊಂಡರಂತೆ.

ಇತ್ತ ದೋಣಿ ಕುದ್ರು ಮುಟ್ಟಬೇಕಲ್ಲ. ಹರಿದ ಎಸಳಿನ ಚೂರುಗಳು ಇಂಜಿನ್ನಿನ ಕೊಳವೆಗಳಲ್ಲಿ ಸಿಕ್ಕಿಕೊಂಡಿರುತ್ತವೆ, ಅವನ್ನು ಬಿಟ್ಟರೆ ಹೊಸ ಚಕ್ರ ಹಾಕಿದರೂ ನೀರು ಓಡುವುದಿಲ್ಲ. ಚೂರುಗಳನ್ನು ಹೆಕ್ಕಿ ಅಂಗೈ ಮೇಲೆ ಜೋಡಿಸುತ್ತ ಹೋದೆ. ಒಂದು ಚೂರು ಸಿಗಲೇ ಇಲ್ಲ. ವಾರಿಜ ತಲೆಯಿಂದ ಹೇರ್‌ಪಿನ್ ತೆಗೆದು ಕೊಕ್ಕೆಯಂತೆ ಬಗ್ಗಿಸಿ, ನನ್ನ ಬೆರಳು ಹೋಗದ ಕೊಳವೆಯಿಂದ ಅದನ್ನು ಎಳೆದಳು. ಹೂವು ಪೂರ್ತಿಯಾಯಿತು.

ಇನ್ನು ನೀರು ಕೊಡುವುದು ಹೇಗೆ? ಪ್ರತಿ ದೋಣಿಯ ಹೊಟ್ಟೆಯಲ್ಲೂ ಒಂದು ಸಣ್ಣ ಕರೆಂಟ್ ಪಂಪು ಇರುತ್ತದೆ, ಒಳಗೆ ಸೇರಿದ ನೀರನ್ನು ಹೊರಗೆ ಹಾಕಲು. ಅದನ್ನು ಬಿಚ್ಚಿ ದೋಣಿಯ ಬದಿಯಿಂದ ಹೊಳೆಗೆ ಇಳಿಬಿಟ್ಟು, ಅದರ ಪೈಪನ್ನು ಇಂಜಿನ್ನಿನ ಬಾಯಿಗೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದೆ. ಟ್ಯೂಬು ಹೇಗೆ ಬಂತು ಅಂದರೆ, ಅಜ್ಜಿ ತಮ್ಮ ಬುಟ್ಟಿಗೆ ಸುತ್ತಿದ್ದನ್ನೇ ಬಿಚ್ಚಿಕೊಟ್ಟರು. ಭರತ ಏರಿ ದೋಣಿ ಮೆಲ್ಲಗೆ ಮರಳು ಬಿಟ್ಟು ತೇಲಿದಾಗ ವಾರಿಜ ಚಾವಿ ತಿರುಗಿಸಿದಳು. ಇಬ್ಬರೂ ಒಟ್ಟಿಗೆ ಹಿಂದೆ ನೋಡಿದೆವು. ಕೊಳವೆ ಒಮ್ಮೆ ಕೆಮ್ಮಿತು. ಆಮೇಲೆ ಸಣ್ಣಗೆ, ಪಿಚಕ್ ಅಂತ ಉಗುಳಿತು. ದಿಬ್ಬದ ಹೆಂಗಸರೆಲ್ಲ ಹೋ ಎಂದು ಕೂಗಿದರು. ಅವರಿಗೆ ಅಷ್ಟರಲ್ಲಿ ಇಡೀ ವಿದ್ಯೆ ಅರ್ಥವಾಗಿಬಿಟ್ಟಿತ್ತು.

ಒಳಗಿನ ಪಂಪು ಹೊರಗೆ ಹೋದ್ದರಿಂದ ದೋಣಿಯಲ್ಲಿ ಸೇರುವ ನೀರನ್ನು ಕೈಯಲ್ಲೇ ಎತ್ತಿಹಾಕಬೇಕಿತ್ತು. ಅಜ್ಜಿ ತಮ್ಮ ಅಲ್ಯೂಮಿನಿಯಂ ತಪ್ಪಲೆಯನ್ನೂ ಕೊಟ್ಟು, "ವಾಪಸ್ ಕೊಡ್ಬೇಕು ಆಯ್ತಾ?" ಅಂದರು. ವಾರಿಜ ಇಂಜಿನ್ನಿಗೆ ಸುಸ್ತಾಗದಂತೆ ನಡೆಯುವ ವೇಗದಲ್ಲಿ ಓಡಿಸಿದಳು. ಹೆಬ್ಬಾಳದ ಈಜು ಬಾರದ ಮುನಿರಾಜು ದಾರಿಯುದ್ದಕ್ಕೂ ದೋಣಿಯಿಂದ ನೀರು ಮೊಗೆದು ಹೊರಗೆ ಚೆಲ್ಲಿದ. ಬೆನ್ನು ಬಿದ್ದುಹೋಯಿತು. ಆದರೂ ಹೇಳುತ್ತೇನೆ, ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಮುಸ್ಸಂಜೆಗೆ ಕುದ್ರು ಮುಟ್ಟಿದೆವು. ಕಟ್ಟೆಯ ಮೇಲೆ ಊರಿಗೆ ಊರೇ ನಿಂತಿತ್ತು. ಮುಂದೆ ನಿಂತಿದ್ದ ತೆಳ್ಳಗಿನ ಮುದುಕರು ಎಡಗೈಯಲ್ಲಿ ಹಗ್ಗ ಹಿಡಿದುಕೊಂಡರು. ಬಲಗೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರು.

ಬೆಳಿಗ್ಗೆ ಬಸ್ಸು ಹೆದ್ದಾರಿಯ ಸ್ಟಾಪಿಗೆ ಬರುವ ಹೊತ್ತಿಗೆ ನಾನೂ ವಾರಿಜಳೂ ದಾಟಿಹೋಗಿ ಕಾಯುವುದು ಅಂತ ಮಾತಾಗಿತ್ತು. ಎದ್ದು ಕಟ್ಟೆಗೆ ಬಂದರೆ ಹಳೆಯ ದೋಣಿ ಇಲ್ಲ, ಗಳವೂ ಇಲ್ಲ, ಶೀನಣ್ಣನೂ ಇಲ್ಲ. ವಾರಿಜಳ ಮುಖದ ಬಣ್ಣವೇ ಇಳಿದುಹೋಯಿತು. ಹೊಳೆಯ ಮೇಲೆ ಬೆಳ್ಳಗೆ ಮಂಜು ಹರಡಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಅವಳು ಬಾಯಿಗೆ ಕೈಯಿಟ್ಟು ಕೂ ಹಾಕಿದಳು. ಉತ್ತರವಿಲ್ಲ. ಮತ್ತೆ ಹಾಕಿದಳು. ನಾನು ಇಷ್ಟೆಲ್ಲ ಮಾಡಿದ್ದು ಇವರು ಗಳ ಹಿಡಿಯಬಾರದು ಅಂತ, ಈಗ ನನ್ನ ರಬ್ಬರ್ ಹೂವಿಗಾಗಿಯೇ ಹಿಡಿದು ಹೋಗಿದ್ದಾರೆ ಅನ್ನಿಸಿ, ನಾನೂ ಅವಳ ಜೊತೆ ಕೂ ಹಾಕಿದೆ.

ಆಮೇಲೆ ಮಂಜಿನೊಳಗಿಂದ ಗಳ ನೀರಿಗೆ ಇಳಿಯುವ ಸದ್ದು ಬಂತು. ಎಡಗೈಯಲ್ಲಿ ಗಳ ಊರಿ, ಎದೆಯಿಂದ ಒತ್ತಿ ಒತ್ತಿ, ಶೀನಣ್ಣ ಬಂದರು. ತಲೆಗೆ ಸುತ್ತಿದ್ದ ಬೈರಾಸಿನೊಳಗೆ ಪೊಟ್ಟಣ ಕಟ್ಟಿಕೊಂಡಿದ್ದರು. ವಾರಿಜ ನೀರಿಗೇ ಇಳಿದು ದೋಣಿ ಹಿಡಿದು ಬಯ್ಯತೊಡಗಿದಳು. ತುಳುವಿನಲ್ಲಿ ಬೈದದ್ದು ನನಗೆ ತಿಳಿಯಲಿಲ್ಲ, ಅವಳ ಕಣ್ಣೀರು ತಿಳಿಯಿತು. ಶೀನಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಪೊಟ್ಟಣ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಇದು ಕಡೇದು ಮಾರಾಯ್ರೆ" ಅಂದರು. "ನನ್ನ ಗಳಕ್ಕೂ ಒಂದು ಒಳ್ಳೆ ಕೆಲಸ ಕೊಟ್ಟು ಮಲಗಿಸುವ ಅಂತ ಹೋದೆ."

ಪೊಟ್ಟಣದಿಂದ ಊದುಬತ್ತಿಯ ಪರಿಮಳ ಬಂತು. ಸರೋಜ ಎಷ್ಟು ಒರೆಸಿದ್ದರೂ ಹೋಗಿರಲಿಲ್ಲ. ಚಕ್ರವನ್ನು ಪಂಪಿನಲ್ಲಿ ಕೂರಿಸಿದೆ, ಸರಿಯಾಗಿ ಕೂತಿತು. ಕರೆಂಟ್ ಪಂಪನ್ನು ಅದರ ಜಾಗಕ್ಕೆ ಹಾಕಿದೆ. ಮತ್ತೆ ಪೂಜೆ ಮಾಡ್ತೀರಾ ಅಂತ ಯಾರೋ ಕೇಳಿದರು. ಒಳಗಡೆಯೇ ಆಗಿದೆ ಅಂದೆ.

ಅಧಿಕಾರಿ ಬಂದರು. ತಾಳ್ಮೆಯ ಮನುಷ್ಯ. ಎಲ್ಲ ನೋಡಿ, ಹಿಂದಿನ ಕೊಳವೆಗೆ ತಾವೇ ಕೈ ಒಡ್ಡಿ, "ನೀರು ಚೆನ್ನಾಗಿ ಬರ್ತಾ ಉಂಟು" ಅಂದರು. ನಂಜುಂಡಯ್ಯನವರು ಬದುಕಿದ್ದರೆ ಆ ಮನುಷ್ಯನಿಗೆ ಅರ್ಧ ಮುದ್ದೆ ಕೊಡುತ್ತಿದ್ದರು. ವಾರಿಜ ಆಚೆ ದಡಕ್ಕೆ ಹೋಗಿ ತಿರುಗಿ ಬಂದಳು. ಶೀನಣ್ಣ ಆ ಹೊಳೆಯನ್ನು ಮೊದಲ ಸಲ ಕೂತುಕೊಂಡು ದಾಟಿದರು. ಹಲಗೆಯ ಮೇಲೆ ಕೂತವರಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ, ಮೊಣಕಾಲ ಮೇಲಿಟ್ಟರು, ತೆಗೆದರು, ಕೊನೆಗೆ ಮಗಳ ಸೀಟಿನ ಹಿಂಭಾಗವನ್ನು ಹಿಡಿದುಕೊಂಡರು. ಅಧಿಕಾರಿ ಒಪ್ಪಿಗೆ ಕೊಟ್ಟರು. ಅಂದು ಸಂಜೆಯೇ ಶೀನಣ್ಣ ತಮ್ಮ ಗಳವನ್ನು ಕಟ್ಟೆಯ ಪಕ್ಕ ಆಳಕ್ಕೆ ನೆಡಿಸಿದರು, ಹೊಸ ದೋಣಿ ಕಟ್ಟಲು. ಕಟ್ಟಿದ ದೋಣಿಗೆ ಫುಲ್ ಥ್ರಾಟಲ್ ಮಾತ್ರ ಕೊಡಬೇಡಿ ಎಂದು ನಾನು ಅನುಭವಸ್ಥನಾಗಿ ಹೇಳಿಬಂದೆ. ವಾಪಸು ಬರುವಾಗ ಅಜ್ಜಿಯ ತಪ್ಪಲೆಯನ್ನೂ ತಲುಪಿಸಿದೆ.

ಹಾಗಾಗಿ ಹೊಸಬರೇ, ಸ್ಪೇರ್ ಡಬ್ಬಿಯನ್ನು ಮನೆಯಲ್ಲೇ ತೆಗೆದು ನೋಡಿ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಹೂವನ್ನು ದಡದ ಮರದ ಬುಡಕ್ಕೆ ಹಾಕಿ. ಮೊದಲು ಹಿಂದೆ ನೋಡಿ. ನೀವು ಕೂರಿಸುವ ಇಂಜಿನ್ ನಂಬಿಕೊಂಡು ಯಾರದೋ ಅಪ್ಪ ಗಳ ಕೆಳಗಿಡುತ್ತಾನೆ ಅನ್ನುವುದು ನೆನಪಿರಲಿ. ಇದರಷ್ಟು ಒಳ್ಳೆಯ ಕೆಲಸ ಬೆಂಗಳೂರಲ್ಲಿ ಬೇರೆ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೊನ್ನೆ ಇಲ್ಲಿ ಸಣ್ಣಗೆ ಮಳೆ ಹನಿಯುತ್ತಿದ್ದಾಗ ವಾರಿಜಳ ಫೋನ್ ಬಂತು. ಮಳೆಗಾಲ ಶುರುವಾದಾಗಲೆಲ್ಲ ಮಾಡುತ್ತಾಳೆ, ಹೆಚ್ಚು ಮಾತಾಡುವುದಿಲ್ಲ. ದೋಣಿಯಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. "ಅಪ್ಪ ಜಗುಲಿಯಲ್ಲಿ ಕೂತು ನೋಡ್ತಾ ಇದ್ದಾರೆ" ಅಂದಳು. ಆಮೇಲೆ ಫೋನನ್ನು ದೋಣಿಯ ಹಿಂಭಾಗಕ್ಕೆ ಹಿಡಿದಳು. ನಾನು ಸ್ಪೀಕರ್ ಹಾಕಿದೆ. ಸರೋಜ ಊದುಬತ್ತಿ ಹಚ್ಚುತ್ತಿದ್ದವಳು ಕಡ್ಡಿ ಕೈಯಲ್ಲೇ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಗಂಗಾನಗರದ ನಮ್ಮ ಮನೆಯ ತುಂಬ ಆ ಹೊಳೆ ಪಿಚಕ್ ಪಿಚಕ್ ಅಂತ ಉಗುಳುತ್ತಿತ್ತು.

"ಕೇಳ್ತದಾ ಅಣ್ಣ?"

"ಕೇಳಿಸ್ತಾ ಇದೆ ಕಣಮ್ಮಾ," ಅಂದೆ, "ಇಬ್ಬರಿಗೂ."